ಯುವಿ ದೀಪಕ್ಕೆ ಮೊದಲು ನೀರು ತಿಳಿಯಾಗಲಿ

ಮಳೆಗಾಲದಲ್ಲಿ ಕಾರವಾರದ ಕಡೆ ಬಾವಿ ನೀರು ಕೆಂಪಗೆ ರಾಡಿಯಾಗುತ್ತದೆ ಅಲ್ವಾ? ಅದಕ್ಕೆ ಸುಮ್ನೆ ಯುವಿ ದೀಪ (ನೀರಿನ ರೋಗಾಣು ತಡೆಯುವ ಅತಿನೇರಳೆ ಬೆಳಕಿನ ದೀಪ) ಹಾಕಿದರೆ ಪ್ರಯೋಜನ ಕಡಿಮೆ. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣು ಉಳಿದುಬಿಡುತ್ತವೆ. ನೀರು ತಿಳಿಯಾಗಲು ಬಿಡಿ, ಸೋಸಿ, ಆಮೇಲೆ ದೀಪ.

ಈ ದೀಪದ 254 ನ್ಯಾನೋಮೀಟರ್ ತರಂಗಾಂತರದ ಬೆಳಕು ರೋಗಾಣುವಿನ ಡಿಎನ್‌ಎ ಕೆಡಿಸುತ್ತದೆ, ಅವು ಮತ್ತೆ ಹೆಚ್ಚುವುದಿಲ್ಲ. ಗಾಜಿನ ಬಾಟಲಿಯ ಹೊರಗಿಂದ ಬಿಟ್ಟರೆ ಒಳಗೆ ತಲುಪುವುದಿಲ್ಲ, ನೇರ ನೀರಿಗೇ ಬೀಳಬೇಕು. ದೀಪ ಹಾಕಿದರೂ ಉಪ್ಪು ನೀರು ಮಾತ್ರ ಉಪ್ಪಾಗಿಯೇ ಇರುತ್ತದೆ. ಕ್ಲೋರಿನ್ ಥರ ನೀರಲ್ಲಿ ಉಳಿದು ಕಾಯುವ ಗುಣವೂ ಯುವಿ ಬೆಳಕಿಗಿಲ್ಲ. ಹಾಗಾಗಿ ತೊಳೆದ ಕೊಡದಲ್ಲಿ ಮುಚ್ಚಿಡಿ. ಕೈ ಅದ್ದಬೇಡಿ, ಉದ್ದ ಹಿಡಿಯ ಸೌಟು ಬಳಸಿ.

ಉರಿಯುವ ದೀಪವನ್ನು ಮಕ್ಕಳು ನೋಡದಂತೆ ಎಚ್ಚರ ವಹಿಸಿ, ಕಣ್ಣಿಗೆ ನಿಜಕ್ಕೂ ಅಪಾಯ. ಕರೆಂಟ್ ಕೈಕೊಟ್ಟ ದಿನ ಕುದಿಸಿ ಆರಿಸಿ ಕುಡಿಯಿರಿ.