ಕೊಡಗಿನ ರಸ್ತೆ ನೋಡಲು ಹೊರಟವರಿಗೆ

ಕೊಡಗಿಗೆ ಬಂದವರು ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ ನೋಡಿಕೊಂಡು ಹೋಗುತ್ತಾರೆ. ಅಲ್ಲಿಗೆಲ್ಲ ಕರೆದುಕೊಂಡು ಹೋದ ರಸ್ತೆಯನ್ನು ನೋಡುವವರು ಕಡಿಮೆ. ನಾನು ಸುಂಟಿಕೊಪ್ಪದವನು. ವಾರವಿಡೀ ಪಿಕಪ್‌ನಲ್ಲಿ ಕಾಫಿ, ಕರಿಮೆಣಸು ಸಾಗಿಸುವುದು ನನ್ನ ಕೆಲಸ. ಭಾನುವಾರ ಬಿಡುವಾದರೆ ಮಗಳನ್ನು ಕೂರಿಸಿಕೊಂಡು ಕಾರಿನಲ್ಲಿ ಮತ್ತೆ ಅದೇ ರಸ್ತೆಗೆ ಹೋಗುತ್ತೇನೆ, ಈ ಸಲ ರಸ್ತೆ ನೋಡುವುದಕ್ಕೇ ಅಂತ. ಸೇತುವೆ, ಮೋರಿ (ರಸ್ತೆಯಡಿ ನೀರು ದಾಟಿಸುವ ಸಣ್ಣ ಸೇತುವೆ), ತಡೆಗೋಡೆ, ಫಲಕ, ಕಿಲೋಮೀಟರ್ ಕಲ್ಲು ಎಲ್ಲವನ್ನೂ ನಿಂತು ನೋಡುತ್ತೇವೆ. ಇದೇ ಆಸಕ್ತಿ ಇರುವವರು ಹೇಗೆ ಹೊರಡಬೇಕು, ಏನು ನೋಡಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕೊಡಗಿನಲ್ಲಿ ರಸ್ತೆಗೆ ಯಜಮಾನ ನೀರು. ತಿರುವು ಎಲ್ಲಿ ಬರಬೇಕು, ಗೋಡೆ ಎಲ್ಲಿ ಏಳಬೇಕು, ಸೇತುವೆ ಎಷ್ಟು ಎತ್ತರ ಇರಬೇಕು, ಎಲ್ಲದರಲ್ಲೂ ಅದರದೇ ಮಾತು ನಡೆಯುತ್ತದೆ. ಹಾಗಾಗಿ ಏನೇ ನೋಡಿದರೂ ‘ಇಲ್ಲಿ ಮಳೆ ನೀರು ಎತ್ತ ಹೋಗುತ್ತೆ?’ ಎಂದು ಕೇಳಿಕೊಳ್ಳಿ. ಅರ್ಧ ವಿಷಯ ತಾನಾಗಿಯೇ ತಿಳಿಯುತ್ತದೆ.

ಹೊರಡಲು ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಮಳೆ ಬಿಟ್ಟಿರುತ್ತದೆ, ಆದರೆ ಅದು ಮಾಡಿದ ಗುರುತೆಲ್ಲ ಹಾಗೇ ಇರುತ್ತದೆ. ಹೊಸದಾಗಿ ಕುಸಿದ ಬರೆ (ರಸ್ತೆ ಬದಿಯ ಗುಡ್ಡದ ಇಳಿಜಾರು), ಚರಂಡಿಯಲ್ಲಿ ತುಂಬಿದ ಕೆಂಪು ಮಣ್ಣು, ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡ ಕಸಕಡ್ಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಘಾಟಿಗೆ ಸುಮ್ನೆ ನೋಡಲೆಂದು ಹೋಗಬೇಡಿ. ಆಗ ರಸ್ತೆ ಕೆಲಸವಿದ್ದವರಿಗೆ, ಆಂಬುಲೆನ್ಸಿಗೆ ಬೇಕು.

ಕಾರಿನಲ್ಲಿ ಇಬ್ಬರಿರಬೇಕು. ಓಡಿಸುವವರು ಓಡಿಸುವುದು ಮಾತ್ರ ಮಾಡಬೇಕು. ಬರೆಯುವುದು, ಫೋಟೊ ತೆಗೆಯುವುದು ಪಕ್ಕದವರ ಪಾಲಿಗೆ. ನಮ್ಮ ಕಾರಿನಲ್ಲಿ ಆ ಕೆಲಸ ಮಗಳದು. ಅವಳ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲು ಕಿಲೋಮೀಟರ್ ಕಲ್ಲಿನ ಅಂಕಿಯಿಂದಲೇ ಶುರುವಾಗುತ್ತದೆ. ನೀವೂ ಹಾಗೇ ಬರೆಯಿರಿ. ‘ದೊಡ್ಡ ತಿರುವಿನ ಹತ್ತಿರ’ ಎಂದು ಬರೆದರೆ ಮನೆಗೆ ಬಂದ ಮೇಲೆ ಯಾವ ತಿರುವು ಅಂತ ಗೊತ್ತಾಗುವುದಿಲ್ಲ. ಇಲ್ಲಿ ಇರುವುದೆಲ್ಲ ತಿರುವೇ ಅಲ್ವಾ!

ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಿದ್ದರೆ ಹಳ್ಳಿ ರಸ್ತೆ. ಐದು ಕಿಲೋಮೀಟರಿಗೊಮ್ಮೆ ಬರುವ ಕಲ್ಲು ಉಳಿದವಕ್ಕಿಂತ ದೊಡ್ಡದು, ಅದರ ಮೇಲೆ ಊರಿನ ಹೆಸರುಗಳೂ ಜಾಸ್ತಿ. ಎರಡು ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ಪುಟ್ಟ ಕಲ್ಲುಗಳು ಸಿಗುತ್ತವೆ. ಅವು 200 ಮೀಟರಿಗೊಂದು. ಮೋರಿಯ ಕಟ್ಟೆಯ ಮೇಲೆ ಭಿನ್ನರಾಶಿಯ ಹಾಗೆ ಮೇಲೊಂದು ಕೆಳಗೊಂದು ಅಂಕಿ ಬರೆದಿರುತ್ತಾರೆ. ಮೇಲಿನದು ಕಿಲೋಮೀಟರ್. ಕೆಳಗಿನದು ಆ ಕಿಲೋಮೀಟರಿನಲ್ಲಿ ಅದು ಎಷ್ಟನೆಯ ಮೋರಿ ಎಂಬುದು. ಕುಶಾಲನಗರದ ಬಯಲಿನಲ್ಲಿ ಈ ಕೆಳಗಿನ ಅಂಕಿಯನ್ನು ಗಮನಿಸಿ, ಆಮೇಲೆ ಘಾಟಿಯಲ್ಲಿ ಗಮನಿಸಿ. ಗುಡ್ಡದ ಪ್ರತಿ ಮಡಿಕೆಯಲ್ಲೂ ಒಂದು ತೊರೆ, ಪ್ರತಿ ತೊರೆಗೂ ಒಂದು ಮೋರಿ. ಆ ಲೆಕ್ಕವೆಲ್ಲ ಕಟ್ಟೆಯ ಮೇಲೇ ಇದೆ.

ಫಲಕಗಳಿಗೆ ಬರೋಣ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆಗೆ, ವೃತ್ತ ಆಜ್ಞೆಗೆ, ನೀಲಿ ಆಯತ ಮಾಹಿತಿಗೆ. ಇದು ಲೈಸೆನ್ಸ್ ತೆಗೆದುಕೊಂಡವರಿಗೆಲ್ಲ ಗೊತ್ತು. ದಾರಿ ತೋರಿಸುವ ದೊಡ್ಡ ಫಲಕ ಹಸಿರು ಹಿನ್ನೆಲೆಯಲ್ಲಿದ್ದರೆ ಹೆದ್ದಾರಿ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರವಿದ್ದರೆ ಒಳರಸ್ತೆ. ತಿರುವಿನ ಹೊರಬದಿಯಲ್ಲಿ ಹಳದಿ ಮೇಲೆ ಕಪ್ಪು ಬಾಣದ ಗುರುತುಗಳು ಸಾಲಾಗಿ ನಿಂತಿರುತ್ತವೆ. ಮಂಜಿನಲ್ಲಿ ಗಾಡಿ ಓಡಿಸುವವರಿಗೆ ಅವೇ ಆಸರೆ. ರಸ್ತೆ ಕಾಣದಿದ್ದರೂ ಬಾಣಗಳ ಸಾಲು ಎತ್ತ ಬಾಗುತ್ತದೆ ಎಂದು ಕಂಡರೆ ಸಾಕು. ಸೇತುವೆಯ ತುದಿಯಲ್ಲಿ ಹಳದಿ-ಕಪ್ಪು ಓರೆ ಪಟ್ಟೆಯ ಪುಟ್ಟ ಫಲಕ ಇರುತ್ತದಲ್ಲ, ಅದರ ಪಟ್ಟೆ ಯಾವ ಕಡೆಗೆ ಇಳಿಯುತ್ತದೋ ಆ ಕಡೆಯಿಂದಲೇ ಗಾಡಿ ಹೋಗಬೇಕು. ಇಪ್ಪತ್ತು ವರ್ಷ ಗಾಡಿ ಓಡಿಸಿದವರನ್ನು ಕೇಳಿದರೂ ಇದನ್ನು ಹೇಳುವವರು ಕಡಿಮೆ.

ಫಲಕವನ್ನು ಒಮ್ಮೆ ಹತ್ತಿರದಿಂದ ನೋಡಿ. ಮುಖ ತಾಗುವಷ್ಟು ಹತ್ತಿರ ಹೋದರೆ ಮೇಲ್ಮೈಯಲ್ಲಿ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳು ಕಾಣುತ್ತವೆ. ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ಹಿಂದಕ್ಕೆ ಕಳಿಸುವುದು ಆ ಹಾಳೆ. ಅದರ ಮೇಲೆ ಪಾಚಿ ಕಟ್ಟಿದರೆ ಕೆಲಸ ಕೆಡುತ್ತದೆ. ಕೊಡಗಿನ ಮಳೆಗೆ ಪಾಚಿ ಕಟ್ಟದ ಜಾಗ ಯಾವುದಿದೆ? ಹಾಗಾಗಿ ಫಲಕವನ್ನು ಹಗಲಿನಲ್ಲಿ ನೋಡಿ ಚೆನ್ನಾಗಿದೆ ಎಂದು ಬರೆದುಕೊಳ್ಳಬೇಡಿ. ಸಂಜೆ ಲೈಟ್ ಹಾಕಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ರಸ್ತೆಯ ಬಿಳಿ ಗೆರೆಗೂ ಇದೇ ಮಾತು. ಆ ಬಣ್ಣದ ಜೊತೆ ಗಾಜಿನ ಸಣ್ಣ ಮಣಿಗಳನ್ನು ಹಾಕಿರುತ್ತಾರೆ. ಗಾಡಿಯಿಲ್ಲದ ಒಳರಸ್ತೆಯಲ್ಲಿ, ಅಂಚಿನಲ್ಲಿ ನಿಂತು ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಗೆರೆಯ ಕಡೆ ತೋರಿಸಿ. ಗೆರೆ ಮಿನುಗಿದರೆ ಮಣಿಗಳು ಇನ್ನೂ ಉಳಿದಿವೆ ಎಂದರ್ಥ.

ಈಗ ಘಾಟಿ. ಬಂಟ್ವಾಳದಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಸಂಪಾಜೆಯಲ್ಲಿ ಕೊಡಗಿಗೆ ಹತ್ತಿ, ಮಡಿಕೇರಿ, ಸುಂಟಿಕೊಪ್ಪ ದಾಟಿ, ಕುಶಾಲನಗರದಲ್ಲಿ ಜಿಲ್ಲೆ ಬಿಡುತ್ತದೆ. ಒಂದೇ ದಿನ ಇರುವವರು ಇದೊಂದನ್ನು ನೋಡಿದರೆ ಸಾಕು. ಮಡಿಕೇರಿಯಿಂದ ಸಂಪಾಜೆ ಕಡೆಗೆ ಬೆಳಗ್ಗೆ ಮಂಜು ಕರಗಿದ ಮೇಲೆ ಇಳಿಯಿರಿ. ಇಳಿಯುವಾಗ ಕಡಿಮೆ ಗೇರಿನಲ್ಲಿರಿ. ಹತ್ತುವ ಗಾಡಿಗೆ ದಾರಿ ಬಿಡಿ, ಬೆಟ್ಟದ ರಸ್ತೆಯಲ್ಲಿ ಮೊದಲ ಹಕ್ಕು ಹತ್ತುವವರದು. ತಿರುವಿನಲ್ಲಿ ಎಂದೂ ನಿಲ್ಲಿಸಬೇಡಿ. ಅಗಲ ಇರುವ ಜಾಗ ಸಿಕ್ಕಿದ ಮೇಲೆ ನಿಲ್ಲಿಸಿ, ಗಾಡಿ ಲಾಕ್ ಮಾಡಿ, ಅಲ್ಲಿಂದಲೇ ನೋಡಿ.

2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಸುತ್ತ ಗುಡ್ಡಗಳೇ ಜಾರಿ ಬಂದವು. ಜನ ಸತ್ತರು, ಮನೆಗಳು ಹೋದವು, ಈ ಹೆದ್ದಾರಿ ಮುಚ್ಚಿತು. ಆ ಜಾಗಗಳಲ್ಲಿ ಹೋಗುವಾಗ ಸದ್ದು ಮಾಡದೆ ನೋಡಿ. ಅಲ್ಲಿ ಮನೆ ಕಳೆದುಕೊಂಡವರು ಈಗಲೂ ಇದೇ ದಾರಿಯಲ್ಲಿ ಓಡಾಡುತ್ತಾರೆ. ಫೋಟೊಗೆ ನಗುತ್ತಾ ನಿಲ್ಲುವ ಜಾಗ ಅದಲ್ಲ.

ಘಾಟಿಯ ತಡೆಗೋಡೆಯಲ್ಲಿ ಸಾಲಾಗಿ ಸಣ್ಣ ಪೈಪಿನ ತೂತುಗಳಿರುತ್ತವೆ. ಗೋಡೆಯ ಹಿಂದೆ ಮಣ್ಣಿನಲ್ಲಿ ಸೇರುವ ನೀರು ಹೊರಗೆ ಬರಲು ಅದೇ ದಾರಿ. ಅದು ಕಟ್ಟಿಕೊಂಡರೆ ನೆನೆದ ಮಣ್ಣಿನ ಭಾರದ ಜೊತೆ ನೀರಿನ ಒತ್ತಡವೂ ಸೇರಿ ಗೋಡೆಯನ್ನು ನೂಕುತ್ತದೆ. ಮಳೆ ನಿಂತು ವಾರಗಳಾದರೂ ಕೆಲವು ತೂತುಗಳಿಂದ ತೊಟ್ಟಿಕ್ಕುತ್ತಿರುತ್ತದೆ. ಅದು ಒಳ್ಳೆಯ ಲಕ್ಷಣ. ಪೂರ್ತಿ ಒಣಗಿದ ತೂತಿನ ಬಾಯಲ್ಲಿ ಹುಲ್ಲು ಬೆಳೆದು, ಪಕ್ಕದ ಗೋಡೆ ಮಾತ್ರ ಒದ್ದೆಯಿದ್ದರೆ ಬರೆದುಕೊಳ್ಳಿ. ಕೆಲವು ಕಡೆ ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೋಡೆ ಸಿಗುತ್ತದೆ. ಅದಕ್ಕೆ ತೂತು ಬೇಡ, ಗೋಡೆಯಿಡೀ ನೀರು ಬಿಡುತ್ತದೆ. ನನ್ನ ಕಣ್ಣಿಗೆ ಈ ಗುಡ್ಡಗಳಿಗೆ ಅದೇ ಚೆಂದ.

ಸಣ್ಣ ಮಳೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ನೇರ ರಸ್ತೆಯಲ್ಲಿ ನಡುವೆ ಉಬ್ಬಿರುವುದರಿಂದ ನೀರು ಎರಡೂ ಬದಿಗೆ ಹರಿಯುತ್ತದೆ. ತಿರುವಿಗೆ ಬಂದ ಕೂಡಲೇ ಎಲ್ಲ ಒಳಬದಿಗೆ ತಿರುಗುತ್ತದೆ, ಏಕೆಂದರೆ ಅಲ್ಲಿ ಹೊರ ಅಂಚನ್ನು ಎತ್ತರಿಸಿರುತ್ತಾರೆ. ಕಣ್ಣಿಗೆ ಕಾಣದ ಆ ಓರೆಯನ್ನು ನೀರು ತೋರಿಸಿಕೊಡುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಒಂದು ಬಸ್ ತಿರುಗುವುದನ್ನು ದೂರದಿಂದ ನೋಡಿ. ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಹೋಗುವುದಿಲ್ಲ, ಒಳಕ್ಕೆ ಕಡಿಯುತ್ತದೆ. ತಿರುವನ್ನು ಅಗಲ ಮಾಡಿರುವುದು ಅದಕ್ಕೇ.

ಸಂಪಾಜೆ ದಾಟಿ ಸುಳ್ಯದವರೆಗೆ ಹೋಗುವ ಸಮಯವಿದ್ದರೆ ಅರಂಬೂರಿನ ತೂಗುಸೇತುವೆ ನೋಡಿ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಪಯಸ್ವಿನಿ ಹೊಳೆಗೆ ಕಟ್ಟಿದ್ದು, ಅವರ ಮೊದಲ ತೂಗುಸೇತುವೆ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಊರಿನವರು ಹೊಳೆ ದಾಟಲೆಂದು ಕಟ್ಟಿದ ಇಂಥ ಸೇತುವೆಗಳು ನನಗೆ ದೊಡ್ಡ ಫ್ಲೈಓವರಿನಷ್ಟೇ ದೊಡ್ಡವು.

ಸೇತುವೆ ನೋಡಲು ಕುಶಾಲನಗರದಿಂದ ಶುರು ಮಾಡಿ. ಕಾವೇರಿಯ ಆಚೆ ಕೊಪ್ಪ, ಅದು ಮೈಸೂರು ಜಿಲ್ಲೆ. ಮೈಸೂರಿನ ಕಡೆ ಮುಖ ಮಾಡಿ ನಿಂತರೆ ನೀರು ಬಲದಿಂದ ಎಡಕ್ಕೆ, ಉತ್ತರಕ್ಕೆ ಹರಿಯುತ್ತದೆ. ಕಾವೇರಿ ಕೊನೆಗೆ ಸೇರುವ ಸಮುದ್ರ ಇರುವುದು ಪೂರ್ವಕ್ಕೆ, ನದಿ ಇಲ್ಲಿ ಉತ್ತರಕ್ಕೆ. ಮೊದಲ ಸಲ ನೋಡಿದವರು ಒಂದು ನಿಮಿಷ ನಿಲ್ಲುತ್ತಾರೆ. ಯಾವ ಸೇತುವೆಯಾದರೂ ಕಂಬಗಳನ್ನು ನೀರು ಬರುವ ಬದಿಯಿಂದ ನೋಡಿ. ದುಂಡಗೆ ಅಥವಾ ಚೂಪಾಗಿ ಮಾಡಿದ್ದರೆ ಅದು ನೀರು ಸೀಳಲು. ದಾಟುವಾಗ ಗ್ಲಾಸ್ ಇಳಿಸಿ ಕಿವಿಗೊಡಿ. ಜಾಯಿಂಟಿನ ಮೇಲೆ ಟಯರ್ ಹೋದಾಗ ಟಕ್ ಎನ್ನುತ್ತದೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಲು ಬಿಟ್ಟ ಸಂದು ಅದು.

ಮೂರ್ನಾಡು-ವಿರಾಜಪೇಟೆ ದಾರಿಯ ಬೇತ್ರಿ ಸೇತುವೆಯನ್ನೂ, ಬಲಮುರಿಯನ್ನೂ ಒಂದೇ ಸುತ್ತಿನಲ್ಲಿ ನೋಡಿ. ಬಲಮುರಿಯಲ್ಲಿ ಹಳೆಯ ತಗ್ಗಿನ ಸೇತುವೆ ಮಳೆಗಾಲದಲ್ಲಿ ಮುಳುಗುತ್ತದೆ, ಆಮೇಲೆ ಕಟ್ಟಿದ ಎತ್ತರದ ಸೇತುವೆ ಉಳಿಯುತ್ತದೆ. ನೀರು ಎಲ್ಲಿವರೆಗೆ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಭಾಗಮಂಡಲಕ್ಕೆ ಚೇರಂಬಾಣೆ ಮೇಲೆ ಹೋಗಿ. ಮೊದಲು ತ್ರಿವೇಣಿ ಸಂಗಮ ಉಕ್ಕಿದರೆ ಊರಿಗೆ ಹೋಗುವ ರಸ್ತೆಯೇ ಮುಳುಗುತ್ತಿತ್ತು. ಈಗ ಅಲ್ಲಿ ಮೇಲ್ಸೇತುವೆ ಇದೆ. ಸುತ್ತ ಗದ್ದೆ, ಹಿಂದೆ ಬ್ರಹ್ಮಗಿರಿ, ನಡುವೆ ನಗರದಲ್ಲಿರುವಂಥ ಮೇಲ್ಸೇತುವೆ. ಬೇಸಿಗೆಯಲ್ಲಿ ನೋಡಿದವರು ಇದು ಯಾಕೆ ಬೇಕಿತ್ತು ಎನ್ನುತ್ತಾರೆ. ಜುಲೈಯಲ್ಲಿ ಆ ಊರಿನವರನ್ನು ಕೇಳಬೇಕು.

ಮಾಕುಟ್ಟ ಘಾಟಿಗೆ ಪ್ರತ್ಯೇಕ ದಿನ ಇಡಿ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕಾಡಿನೊಳಗೆ ಇಳಿದು ಕೇರಳ ಗಡಿಯ ಕೂಟುಪುಳ ಸೇರಿದರೆ, ಬ್ರಿಟಿಷರ ಕಾಲದ ಸೇತುವೆ ಮತ್ತು 2022ರಲ್ಲಿ ತೆರೆದ ಹೊಸ ಸೇತುವೆ ಅಕ್ಕಪಕ್ಕದಲ್ಲಿ ಸಿಗುತ್ತವೆ. ಅಲ್ಲಿಂದ ಮುಂದೆ ಫಲಕಗಳಲ್ಲಿ ಮಲಯಾಳಂ. ದಾರಿಯಲ್ಲಿ ಆನೆ ಓಡಾಡುತ್ತದೆ. ಕತ್ತಲಾಗುವ ಮೊದಲು ಮೇಲೆ ಬನ್ನಿ.

ಸಿಗ್ನಲ್ ಲೈಟ್ ನೋಡಲೆಂದು ಬಂದವರಿಗೆ ಇಲ್ಲಿ ಜಾಸ್ತಿ ಕೆಲಸವಿಲ್ಲ. ರೈಲು ಮಾರ್ಗವಂತೂ ಜಿಲ್ಲೆಯಲ್ಲೇ ಇಲ್ಲ, ಹಾಗಾಗಿ ರೈಲ್ವೆ ಗೇಟೂ ಇಲ್ಲ. ಅದರ ಬದಲು ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದ ಫುಟ್‌ಪಾತಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಏರು, ಇಳಿಜಾರು ಎರಡೂ ಸೇರುವ ಜಾಗದಲ್ಲಿ ಗಾಡಿಗಳು ಒಂದಕ್ಕೊಂದು ಹೇಗೆ ದಾರಿ ಬಿಟ್ಟುಕೊಡುತ್ತವೆ ನೋಡಿ. ಎಲ್ಲಾದರೂ ಹಳದಿ ದೀಪ ಮಿಣುಕುತ್ತಿದ್ದರೆ ನಿಧಾನಿಸಿ ಹೋಗಿ ಎಂದರ್ಥ. ಕೆಂಪು ಮಿಣುಕಿದರೆ ಪೂರ್ತಿ ನಿಲ್ಲಿಸಿ, ನೋಡಿ, ಆಮೇಲೆ ಹೋಗಬೇಕು.

ಮನೆಗೆ ಬಂದ ಮೇಲೆ ನೋಟ್‌ಬುಕ್ ತೆರೆಯಿರಿ. ಪೊದೆಯಲ್ಲಿ ಮುಚ್ಚಿದ ತಿರುವಿನ ಫಲಕ, ಕಟ್ಟಿಕೊಂಡ ಮೋರಿ, ಮುರಿದ ಸೇತುವೆ ಕಟ್ಟೆ, ಹೊಸದಾಗಿ ಬಿರುಕು ಬಿಟ್ಟ ಅಂಚು, ಇವಿಷ್ಟನ್ನು ಬೇರೆ ಹಾಳೆಯಲ್ಲಿ ಬರೆದು, ಫೋಟೊ ಸೇರಿಸಿ, ರಸ್ತೆ ನೋಡಿಕೊಳ್ಳುವ ಲೋಕೋಪಯೋಗಿ ಕಚೇರಿಗೋ ಹಳ್ಳಿ ರಸ್ತೆಯಾದರೆ ಪಂಚಾಯಿತಿಗೋ ಕೊಡಿ. ರಸ್ತೆಯ ಹೆಸರು, ಕಲ್ಲಿನ ಅಂಕಿ, ಎಡವೋ ಬಲವೋ, ಯಾವ ಊರಿನ ಕಡೆ ಹೋಗುವಾಗ, ಯಾವ ದಿನ ನೋಡಿದ್ದು, ಇಷ್ಟು ಇರಲಿ. ಮೇ ತಿಂಗಳಿಗೆ ಮೊದಲೇ ಕೊಟ್ಟರೆ ಒಳ್ಳೆಯದು. ಮಳೆ ಹಿಡಿದ ಮೇಲೆ ಮೋರಿಗೆ ಇಳಿದು ಮಣ್ಣು ತೆಗೆಯುವುದು ಯಾರಿಗೂ ಆಗದ ಕೆಲಸ.