ಬೆಕ್ಕು ದಾರ, ಕವರ್, ಕಂಬಳಿ ತಿನ್ನುತ್ತಿದೆಯಾ? ಹೀಗೆ ಮಾಡಿ

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಕೊಡಗಿನ ಬೆಕ್ಕುಗಳಿಗೆ ಮನೆಯೇ ಗತಿ. ತೋಟ ಸುತ್ತುವ ಹಾಗಿಲ್ಲ, ಕಣದಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗುವ ಹಾಗಿಲ್ಲ, ಹೊರಗೆ ಕಾಲಿಟ್ಟರೆ ಜಿಗಣೆ. ತಿಂಗಳುಗಟ್ಟಲೆ ಒಳಗೇ ಕೂತು ಬೇಜಾರಾದ ಬೆಕ್ಕು ಒಲೆ ಹತ್ತಿರ ಒಣಹಾಕಿದ ಸ್ವೆಟರ್ ತೋಳು ಅಗಿಯುತ್ತದೆ, ಮೀನು ತಂದ ಕವರನ್ನು ನೆಕ್ಕಿ ನೆಕ್ಕಿ ಕೊನೆಗೆ ಹರಿದು ನುಂಗುತ್ತದೆ, ಮಕ್ಕಳ ಹೇರ್ ಬ್ಯಾಂಡ್ ಎಲ್ಲಿ ಹೋಯಿತು ಅಂತ ಹುಡುಕಿದರೆ ಅದೂ ಬೆಕ್ಕಿನ ಹೊಟ್ಟೆಯಲ್ಲೇ. ಇದನ್ನು ವೈದ್ಯರು ಪೈಕಾ ಅನ್ನುತ್ತಾರೆ. ತಮಾಷೆ ಅಂತ ವಿಡಿಯೋ ಮಾಡಿಕೊಂಡು ಕೂರುವ ವಿಷಯ ಅಲ್ಲ. ಹಾಗಂತ ಎಲ್ಲ ಬೆಕ್ಕಿಗೂ ದಿಗಿಲು ಬೀಳಬೇಕಾಗಿಲ್ಲ.

ಮೊದಲು ನೋಡಬೇಕಾದದ್ದು ಒಂದೇ. ಬೆಕ್ಕು ಬರೀ ಚೀಪುತ್ತಿದೆಯಾ, ಇಲ್ಲ ನುಂಗುತ್ತಿದೆಯಾ?

ಚೀಪುವ ಬೆಕ್ಕನ್ನು ಗುರುತಿಸುವುದು ಸುಲಭ. ನಮ್ಮ ಮನೆಯ ಬೆಕ್ಕು ಕಂಬಳಿಯ ಮೂಲೆ ಬಾಯಲ್ಲಿ ಇಟ್ಟುಕೊಂಡು, ಮುಂಗಾಲಿನಲ್ಲಿ ಹಿಟ್ಟು ನಾದಿದ ಹಾಗೆ ಒತ್ತುತ್ತಾ, ಅರ್ಧ ಕಣ್ಣು ಮುಚ್ಚಿ ಗುರುಗುಟ್ಟುತ್ತದೆ. ಎದ್ದು ಹೋದ ಮೇಲೆ ನೋಡಿದರೆ ಕಂಬಳಿ ಒದ್ದೆಯಾಗಿರುತ್ತದೆ, ಅಷ್ಟೇ, ಎಲ್ಲೂ ತೂತು ಇರುವುದಿಲ್ಲ. ಅಮ್ಮನ ಹಾಲು ಬೇಗ ಬಿಡಿಸಿದ ಮರಿಗಳಲ್ಲಿ ಈ ಅಭ್ಯಾಸ ಜಾಸ್ತಿ. ನಮ್ಮ ಕಡೆ ಮರಿ ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ಓಡಾಡಿದ ಕೂಡಲೇ ಚೀಲಕ್ಕೆ ಹಾಕಿ ಪಕ್ಕದ ಮನೆಗೆ ಕೊಟ್ಟುಬಿಡುತ್ತಾರೆ. ಕನಿಷ್ಠ 8 ವಾರವಾದರೂ ಅಮ್ಮನ ಜೊತೆ ಇರಬೇಕು, 12 ವಾರ ಇದ್ದರೆ ಇನ್ನೂ ಒಳ್ಳೆಯದು. ಸಯಾಮೀಸ್, ಬರ್ಮೀಸ್ ಜಾತಿಗಳಲ್ಲಿ ಉಣ್ಣೆ ಬಟ್ಟೆ ಚೀಪುವುದು, ತಿನ್ನುವುದು ಹುಟ್ಟಿನಿಂದಲೇ ಬರುವುದೂ ಉಂಟು.

ನುಂಗುವ ಬೆಕ್ಕಿನ ಲೆಕ್ಕವೇ ಬೇರೆ. ಬಟ್ಟೆಯಲ್ಲಿ ತೂತು ಇದೆ, ಆದರೆ ತುಂಡು ನೆಲದ ಮೇಲೆ ಎಲ್ಲೂ ಇಲ್ಲ ಅಂದರೆ ಅದು ಹೊಟ್ಟೆಗೇ ಹೋಗಿದೆ ಅಂತಲೇ ಇಟ್ಟುಕೊಳ್ಳಿ. ವಾಂತಿಯಲ್ಲಿ, ಕಕ್ಕಸಿನಲ್ಲಿ ಏನು ಬರುತ್ತಿದೆ ಅಂತ ನೋಡಿ. ಅಸಹ್ಯ ಕೆಲಸ ನಿಜ, ಆದರೆ ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ಏನು ತಿನ್ನುತ್ತದೆ, ಯಾವಾಗ ತಿನ್ನುತ್ತದೆ, ಮನೆಯಲ್ಲಿ ಯಾರೂ ಇಲ್ಲದಾಗಲೋ ಊಟಕ್ಕೆ ಮೊದಲೋ, ಇದನ್ನೆಲ್ಲ ಒಂದು ವಾರ ಕ್ಯಾಲೆಂಡರಿನ ಮೇಲೆ ಗೀಚಿಡಿ. ಅಂದಹಾಗೆ ಹುಲ್ಲು ತಿನ್ನುವುದು ಕಾಯಿಲೆ ಅಲ್ಲ, ಹೆಚ್ಚಿನ ಬೆಕ್ಕುಗಳು ತಿನ್ನುತ್ತವೆ.

ದಾರ ಮಾತ್ರ ಸುಮ್ಮನೆ ಬಿಡಬೇಡಿ

ನನ್ನ ಕೇಳಿದರೆ, ಉಳಿದದ್ದೆಲ್ಲ ಮರೆತರೂ ದಾರದ ವಿಷಯ ಮರೆಯಬಾರದು. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದ್ದೀರಲ್ಲ, ಒರಟಾಗಿರುತ್ತದೆ. ಆ ಮುಳ್ಳುಗಳೆಲ್ಲ ಗಂಟಲಿನ ಕಡೆಗೇ ಬಾಗಿವೆ. ದಾರದ ತುದಿ ಒಂದು ಸಲ ನಾಲಿಗೆಗೆ ಸಿಕ್ಕಿಕೊಂಡರೆ ಉಗುಳುವುದು ಕಷ್ಟ, ಒಳಗೆ ಒಳಗೆ ಹೋಗುತ್ತಲೇ ಇರುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡೋ ಜಠರದ ಬಾಯಲ್ಲಿ ಸಿಕ್ಕಿಕೊಂಡೋ ನಿಂತು, ಇನ್ನೊಂದು ತುದಿ ಕರುಳಿಗೆ ಇಳಿಯಿತು ಅಂದರೆ, ಲಾಡಿ ಎಳೆದಾಗ ಪೈಜಾಮ ಸುಕ್ಕಾಗುವ ಹಾಗೆ ಕರುಳು ನೆರಿಗೆ ನೆರಿಗೆಯಾಗುತ್ತದೆ. ಕರುಳು ಅಲುಗಾಡಿದ ಹಾಗೆಲ್ಲ ದಾರ ಅದನ್ನು ಕೊಯ್ಯುತ್ತದೆ. ಬೆಕ್ಕು ಸಾಯುವುದು ಹೀಗೆ.

ಕೊಡಗಿನ ಮನೆಯಲ್ಲಿ ದಾರಕ್ಕೆ ಬರ ಇಲ್ಲ ಅಲ್ವಾ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಚೀಲ ಹೊಲಿಯುವ ಸುತಳಿ ಜಗಲಿ ತುಂಬ. ದಬ್ಬಳಕ್ಕೆ ಪೋಣಿಸಿದ ದಾರವನ್ನು ಹಾಗೇ ಕಿಟಕಿಗೆ ಸಿಕ್ಕಿಸಿ ಊಟಕ್ಕೆ ಹೋಗುವವರೂ ಇದ್ದಾರೆ. ಹೂ ಕಟ್ಟಿದ ದಾರ, ಮಾಂಸದ ಪೊಟ್ಟಣಕ್ಕೆ ಸುತ್ತಿದ ದಾರ, ಹೊಲಿಗೆ ಮೆಷಿನ್ ಕೆಳಗೆ ಬಿದ್ದ ತುಂಡು, ಕ್ರಿಸ್‌ಮಸ್‌ಗೆ ತಂದ ಮಿಂಚುವ ಜರಿ ಮಾಲೆ, ಎಲ್ಲವೂ ಒಂದೇ. ಮಾಂಸದ ರಸ ಹತ್ತಿದ ದಾರವನ್ನಂತೂ ಯಾವ ಬೆಕ್ಕೂ ಬಿಡುವುದಿಲ್ಲ. ಮುಚ್ಚಳ ಇರುವ ಡಬ್ಬಿಗೆ ಹಾಕಿ. ಆಟ ಆಡಿಸಲು ಕೋಲಿಗೆ ದಾರ ಕಟ್ಟಿದ ಗರಿ ತಂದಿದ್ದರೆ, ಆಟ ಮುಗಿದ ಮೇಲೆ ಅದೂ ಬೀರುವಿನೊಳಗೆ.

ದಾರ ಬಾಯಿಂದ ಅಥವಾ ಹಿಂದಿನಿಂದ ನೇತಾಡುತ್ತಿದ್ದರೆ ಎಳೆಯಬೇಡಿ. ಎಳೆದರೆ ಒಳಗಿನ ಕರುಳು ಹರಿಯಬಹುದು. ಬಾಯಿ ಕಡೆ ಕಾಣುವ ದಾರವನ್ನು ಕತ್ತರಿಸಲೂ ಹೋಗಬೇಡಿ, ಹೇಗಿದೆಯೋ ಹಾಗೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. 'ಒಂದು ಚಮಚ ಹರಳೆಣ್ಣೆ ಕುಡಿಸಿ, ತಾನಾಗಿ ಜಾರಿಕೊಂಡು ಬರುತ್ತೆ' ಅಂತ ಹೇಳುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಕುಡಿಸಬೇಡಿ. ಬಲವಂತವಾಗಿ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ನೋವಿರಬಹುದು ಅಂತ ಪ್ಯಾರಾಸಿಟಮಾಲ್ ಕೊಟ್ಟರಂತೂ ಮುಗಿಯಿತು, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ದಾರ ನುಂಗಿದ್ದನ್ನು ನೀವು ನೋಡಿರಲೇಬೇಕು ಅಂತ ಇಲ್ಲ. ಪದೇ ಪದೇ ವಾಂತಿ, ನೀರೂ ನಿಲ್ಲದಿರುವುದು, ಊಟ ಬಿಡುವುದು, ಜೊಲ್ಲು, ಮಂಚದ ಕೆಳಗೆ ಹೋಗಿ ಮುದುರಿ ಕೂರುವುದು, ಹೊಟ್ಟೆ ಮುಟ್ಟಿದರೆ ಗುರ್ ಅನ್ನುವುದು, ಕಕ್ಕಸಿಗೆ ಕೂತು ತಿಣುಕುವುದು, ಇವುಗಳಲ್ಲಿ ಒಂದೆರಡು ಕಂಡರೂ ನಾಳೆ ನೋಡೋಣ ಅನ್ನಬೇಡಿ. ವಾಂತಿ ಇಲ್ಲದಿದ್ದರೂ ಒಂದು ದಿನ ಪೂರ್ತಿ ಏನೂ ತಿನ್ನದ ಬೆಕ್ಕನ್ನು ತೋರಿಸಲೇಬೇಕು, ದಪ್ಪ ಬೆಕ್ಕಾದರೆ ಇನ್ನೂ ಬೇಗ, ಉಪವಾಸ ಬಿದ್ದರೆ ಅವುಗಳ ಲಿವರ್ ಕೆಡುತ್ತದೆ.

ಇಲ್ಲಿ ನಮ್ಮ ಜಿಲ್ಲೆಯ ಕಷ್ಟವೂ ಒಂದಿದೆ. ಸರ್ಕಾರಿ ಪಶು ಆಸ್ಪತ್ರೆ ಹತ್ತಿರದಲ್ಲೇ ಇರಬಹುದು, ಆದರೆ ಬೆಕ್ಕಿನ ಹೊಟ್ಟೆ ಸ್ಕ್ಯಾನ್, ಆಪರೇಷನ್ ಎಲ್ಲ ಕಡೆ ಆಗುವುದಿಲ್ಲ. ಎಕ್ಸ್‌ರೇಯಲ್ಲಿ ದಾರ, ಬಟ್ಟೆ, ಪ್ಲಾಸ್ಟಿಕ್ ನೇರವಾಗಿ ಕಾಣುವುದು ಕಡಿಮೆ, ಹಾಗಾಗಿ ಸ್ಕ್ಯಾನ್ ಬೇಕಾಗುತ್ತದೆ. ಯಾರ ಹತ್ತಿರ ಏನಿದೆ ಅಂತ ಫೋನ್ ಮಾಡಿ ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಮೈಸೂರಿಗೆ ಹೋಗಬೇಕು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಸೋಮವಾರಪೇಟೆ, ಶನಿವಾರಸಂತೆ ಕಡೆಯವರು ಹಾಸನದ ಪಶು ವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಬಹುದು. ಜುಲೈ ಮಳೆಯಲ್ಲಿ ರಾತ್ರಿ ಹೊತ್ತು ರಸ್ತೆಗೆ ಮರ ಬಿದ್ದು, ಕರೆಂಟ್ ಹೋಗಿ, ನೆಟ್‌ವರ್ಕೂ ಇಲ್ಲ ಅನ್ನುವ ಪರಿಸ್ಥಿತಿ ನಮಗೆ ಹೊಸದಲ್ಲವಲ್ಲ. ಅದಕ್ಕೇ ಬೆಳಿಗ್ಗೆ ಅನುಮಾನ ಬಂದರೆ ಬೆಳಿಗ್ಗೆಯೇ ಹೊರಡಿ. ಹೊರಡುವ ಮುಂಚೆ ಏನೂ ತಿನ್ನಿಸಬೇಡಿ, ಅರಿವಳಿಕೆ ಕೊಡಬೇಕಾಗಿ ಬರಬಹುದು.

ಕಾಯಿಲೆ ಇದೆಯಾ ನೋಡಿಸಿ

ಬೆಕ್ಕಿಗೆ ಬೇಜಾರು ಅಂತ ತೀರ್ಮಾನ ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮೇಲ್ತುಟಿ ಸ್ವಲ್ಪ ಎತ್ತಿ ವಸಡು ನೋಡಿ. ತಿಳಿಗುಲಾಬಿ ಇದ್ದರೆ ಸರಿ. ಬಿಳುಚಿಕೊಂಡಿದ್ದರೆ ರಕ್ತ ಕಡಿಮೆ ಆಗಿದೆ ಅಂತ ಅರ್ಥ. ಸಿಮೆಂಟ್ ಗೋಡೆ ನೆಕ್ಕುವ, ಮಣ್ಣು ತಿನ್ನುವ, ಕಕ್ಕಸಿನ ಟ್ರೇಯ ಮರಳು ತಿನ್ನುವ ಬೆಕ್ಕುಗಳಲ್ಲಿ ಇದು ಆಗಾಗ ಸಿಗುವ ಕಾರಣ. ಮರಿಗಳ ರಕ್ತವನ್ನು ಚಿಗಟ, ಜಂತುಹುಳವೇ ಹೀರಿಬಿಡುತ್ತವೆ, ದೊಡ್ಡವಾದರೆ ವೈರಸ್ ಕಾಯಿಲೆಗಳ ಪರೀಕ್ಷೆಯನ್ನೂ ವೈದ್ಯರು ಹೇಳಬಹುದು. ಹಲ್ಲು ನೋವು, ಕರುಳಿನ ತೊಂದರೆ ಕೂಡ ಇರಬಹುದು. ಇಷ್ಟು ವರ್ಷ ಸರಿಯಾಗಿದ್ದ ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಸಿಕ್ಕಿದ್ದೆಲ್ಲ ತಿನ್ನಲು ಶುರು ಮಾಡಿದರೆ ಅದು ಚಟ ಅಲ್ಲ, ಥೈರಾಯ್ಡೋ ಮತ್ತೊಂದೋ ಇರುತ್ತದೆ.

ಊಟದ ವಿಷಯ. ಹಾಲು ಅನ್ನ ಹಾಕಿ ಬೆಕ್ಕು ಸಾಕುವುದು ನಮ್ಮಲ್ಲಿ ಮೊದಲಿಂದಲೂ ಇದೆ. ಹಿಂದೆ ಉಳಿದದ್ದನ್ನು ಬೆಕ್ಕು ಹೊರಗೆ ಇಲಿ ಹಿಡಿದು ಸರಿಮಾಡಿಕೊಳ್ಳುತ್ತಿತ್ತು. ಈಗ ಒಳಗೇ ಕೂರಿಸಿ ಹಾಲು ಅನ್ನವೇ ಹಾಕಿದರೆ ಸಾಲುವುದಿಲ್ಲ. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು, ಅದು ಸಿಗುವುದು ಮಾಂಸ ಮೀನಿನಲ್ಲಿ, ಕಡಿಮೆಯಾದರೆ ಕಣ್ಣು ಮತ್ತು ಹೃದಯ ಹಾಳಾಗುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಸುಮಾರಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ. ಹಾಗಂತ ಪಂದಿ ಕರಿಯ ತುಂಡನ್ನು ತಟ್ಟೆಗೆ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಮಸಾಲೆ ಹಾಕುವ ಮೊದಲು ಒಂದೆರಡು ತುಂಡು ಬೇರೆ ಬೇಯಿಸಿ, ಮೂಳೆ ತೆಗೆದು ಕೊಡಿ. ದಿನನಿತ್ಯಕ್ಕೆ ಬೆಕ್ಕಿಗೇ ಅಂತ ಮಾಡಿದ ಪ್ಯಾಕೆಟ್ ಆಹಾರ ಇರಲಿ, ನಾರು ಜಾಸ್ತಿ ಇರುವುದು ಸಿಕ್ಕಿದರೆ ಬಟ್ಟೆ ತಿನ್ನುವ ಕೆಲವು ಬೆಕ್ಕಿಗೆ ಉಪಯೋಗ ಆಗುತ್ತದೆ. ದಿನದ ಪಾಲನ್ನು ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹಾಕಿ.

ಮನೆಯಲ್ಲಿ ಏನು ಬದಲಾಯಿಸಬೇಕು

ಬೈದರೆ ಬೆಕ್ಕು ಕೇಳುವುದಿಲ್ಲ. ನೀರು ಎರಚಿದರೆ, ಹೊಡೆದರೆ ನಿಮ್ಮ ಕಣ್ಣು ತಪ್ಪಿಸಿ ತಿನ್ನುವುದನ್ನು ಕಲಿಯುತ್ತದೆ, ಅದು ಇನ್ನೂ ಅಪಾಯ. ಸಿಗದ ಹಾಗೆ ಮಾಡುವುದೇ ದಾರಿ. ಹಾಲಿನ ಪ್ಯಾಕೆಟ್ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚಿಕ್ಕ ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಮೀನು, ಮಾಂಸದ ಕವರನ್ನು ತಕ್ಷಣ ತೊಳೆದು ಎತ್ತಿಡಿ, ಇಲ್ಲವೇ ಸ್ಟೀಲ್ ಡಬ್ಬಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಕೋಣೆಯ ಬಾಗಿಲು ಮುಚ್ಚಿ. ಚಾರ್ಜರ್ ವೈರನ್ನು ಗಟ್ಟಿ ಪೈಪಿನೊಳಗೆ ಹಾಯಿಸಿ.

ವಿಷದ ವಿಷಯಕ್ಕೆ ಬಂದರೆ, ಉಣ್ಣೆ ಬಟ್ಟೆಯ ಟ್ರಂಕಿಗೆ ಹಾಕುವ ನುಸಿಗುಳಿಗೆ ಬೆಕ್ಕಿಗೆ ವಿಷ, ಆ ಟ್ರಂಕಿನಿಂದ ತೆಗೆದ ಸ್ವೆಟರನ್ನು ಗಾಳಿಗೆ ಹಾಕದೆ ಹೊರಗೆ ಬಿಡಬೇಡಿ. ಇಲಿ ಪಾಷಾಣದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಕೇಕಿನ ಥರದ್ದು ಮೋಸದ್ದು, ತಿಂದ ಕೆಲವು ದಿನ ಬೆಕ್ಕು ಚೆನ್ನಾಗೇ ಇರುತ್ತದೆ, ಆಮೇಲೆ ರಕ್ತಸ್ರಾವ. ಶನಿವಾರಸಂತೆ ಕಡೆ ತೋಟಗಳಲ್ಲಿ ಆಫ್ರಿಕನ್ ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯೂ ಅಷ್ಟೇ ಕೆಟ್ಟದ್ದು. ಏನು ತಿಂದಿದೆ ಅಂತ ಅನುಮಾನ ಇದ್ದರೆ ಅದರ ಕವರ್ ಜೇಬಿಗೆ ಹಾಕಿಕೊಂಡೇ ಆಸ್ಪತ್ರೆಗೆ ಹೋಗಿ. ಅಂಗಳದ ಆಂಥೂರಿಯಂ ಎಲೆ ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ಲಿಲ್ಲಿ ಹಾಗಲ್ಲ. ಅದರ ಹೂವಿನ ಪುಡಿ ಮೈಗೆ ಹತ್ತಿ ನೆಕ್ಕಿಕೊಂಡರೂ ಸಾಕು, ಮೂತ್ರಪಿಂಡ ಕೆಡುತ್ತದೆ. ಬೆಕ್ಕಿರುವ ಮನೆಗೆ ಲಿಲ್ಲಿ ಬೇಡವೇ ಬೇಡ.

ಬಟ್ಟೆಗೆ ಮೆಣಸಿನಪುಡಿ ಸವರುವ ಉಪಾಯ ಕೇಳಿರುತ್ತೀರಿ, ಅದು ಬೆಕ್ಕಿನ ಕಣ್ಣಿಗೆ ಹೋಗುತ್ತದೆ, ಬಿಡಿ. ವೈರಿಗೆ ಹಚ್ಚುವ ಕಹಿ ಸ್ಪ್ರೇ ಕೆಲವಕ್ಕೆ ಕೆಲಸ ಮಾಡುತ್ತದೆ. ನಮ್ಮ ಕಿತ್ತಳೆಯ ಸಿಪ್ಪೆ ಇಟ್ಟರೂ ಸುಮಾರು ಬೆಕ್ಕು ಮೂಗು ಸೊಟ್ಟ ಮಾಡಿಕೊಂಡು ಹೋಗುತ್ತವೆ. ಆದರೆ ಬಾಟಲಿಯಲ್ಲಿ ಸಿಗುವ ಕಿತ್ತಳೆ ಎಣ್ಣೆ, ನೀಲಗಿರಿ ಎಣ್ಣೆ ಎಲ್ಲೂ ಹಚ್ಚಬೇಡಿ, ಬೆಕ್ಕಿನ ಮೈಗೆ ಅವು ಆಗುವುದಿಲ್ಲ.

ಬರೀ ಕಿತ್ತುಕೊಂಡರೆ ಸಾಲದು, ಬದಲಿಗೆ ಏನಾದರೂ ಕೊಡಬೇಕು. ಹಳೇ ಐಸ್‌ಕ್ರೀಂ ಡಬ್ಬಿಗೆ ಮಣ್ಣು ತುಂಬಿ ರಾಗಿಯೋ ಗೋಧಿಯೋ ಚೆಲ್ಲಿ ಕಿಟಕಿ ಹತ್ತಿರ ಇಡಿ, ಒಂದೆರಡು ವಾರದಲ್ಲಿ ಅಗಿಯುವಷ್ಟು ಪೈರು ಬರುತ್ತದೆ. ಎರಡು ಡಬ್ಬಿ ಇಟ್ಟುಕೊಂಡರೆ ಒಂದು ಮುಗಿಯುವಾಗ ಇನ್ನೊಂದು ತಯಾರು. ಬಿತ್ತನೆಗೆ ಅಂತ ಅಂಗಡಿಯಲ್ಲಿ ಮಾರುವ ಬೀಜಕ್ಕೆ ಔಷಧಿ ಬಣ್ಣ ಬಳಿದಿರುತ್ತಾರೆ, ಅದು ಬೇಡ, ಅಡುಗೆಮನೆಯದ್ದೇ ಹಾಕಿ. ಬೆಳಿಗ್ಗೆ ಸಂಜೆ ಹತ್ತು ಹದಿನೈದು ನಿಮಿಷ ಓಡಿಸಿ ಆಟ ಆಡಿಸಿ, ಕೊನೆಗೆ ಹಿಡಿಯಲು ಬಿಡಿ, ಆಮೇಲೆ ಊಟ ಹಾಕಿ. ಬೇಟೆ, ಊಟ, ನಿದ್ದೆ, ಬೆಕ್ಕಿನ ಕ್ರಮ ಇದೇ. ಕಿಟಕಿಯ ಪಕ್ಕ ಎತ್ತರದಲ್ಲಿ ಒಂದು ಹಲಗೆ ಹೊಡೆದುಕೊಟ್ಟರೆ ಮಳೆ ಬರುವಾಗ ಪಿಕಳಾರ ನೋಡುತ್ತಾ ಗಂಟೆಗಟ್ಟಲೆ ಕೂರುತ್ತದೆ. ಬರೀ ಚೀಪುವ ಬೆಕ್ಕಾದರೆ ಒತ್ತಾಗಿ ನೇಯ್ದ ಒಂದು ಬಟ್ಟೆ ಅದಕ್ಕೇ ಅಂತ ಬಿಟ್ಟುಕೊಡಿ, ಎದ್ದ ನೂಲನ್ನು ವಾರಕ್ಕೊಮ್ಮೆ ಕತ್ತರಿಸಿ. ತೂತು ಕಂಡ ದಿನ ಆ ಬಟ್ಟೆಗೆ ರಜೆ.

ಇಷ್ಟೆಲ್ಲ ಮಾಡಿಯೂ ನುಂಗುವುದು ನಿಲ್ಲದಿದ್ದರೆ ಔಷಧಿ ಇದೆ. ಫ್ಲುಯೋಕ್ಸೆಟಿನ್, ಕ್ಲೋಮಿಪ್ರಮಿನ್ ಥರದ, ಮನಸ್ಸಿನ ಕಳವಳ ಕಡಿಮೆ ಮಾಡುವ ಮಾತ್ರೆಗಳನ್ನು ವೈದ್ಯರು ಬರೆದುಕೊಡುತ್ತಾರೆ. ಗುಣ ಕಾಣಲು ವಾರಗಳೇ ಬೇಕು, ನಡುವೆ ನಿಲ್ಲಿಸಬಾರದು, ಮನೆಯಲ್ಲಿ ಯಾರದ್ದೋ ಮಾತ್ರೆ ಮುರಿದು ಕೊಡಲೇಬಾರದು. ಕೆಲವು ಮರಿಗಳು ವರ್ಷ ಎರಡು ವರ್ಷಕ್ಕೆ ತಾವೇ ಬಿಡುತ್ತವೆ, ಕೆಲವು ಜೀವನಪೂರ್ತಿ ಬಿಡುವುದಿಲ್ಲ. ನಿಮ್ಮದು ಎರಡನೆಯ ಥರದ್ದಾದರೆ, ಮದುವೆಗೆ ಅಂತ ಊರು ಬಿಟ್ಟು ಹೋಗುವಾಗ ಬೆಕ್ಕು ನೋಡಿಕೊಳ್ಳುವವರಿಗೆ ಎಷ್ಟು ಊಟ ಹಾಕಬೇಕು ಅಂತ ಹೇಳಿದರೆ ಸಾಲದು, ಯಾವ ಕೋಣೆಯ ಬಾಗಿಲು ಮುಚ್ಚಿರಬೇಕು ಅಂತಲೂ ಹೇಳಿ, ವೈದ್ಯರ ನಂಬರನ್ನು ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.