ಗ್ರಹಣದ ದಿನ ತಡ ಮಾಡಿದ್ದು ಗಾಳಿಯೋ, ಥರ್ಮಾಮೀಟರೋ?

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮ ಶಾಲೆಯ ಅಂಗಳದಲ್ಲೇ ಕಾಣುವುದಿತ್ತು. ಮಂಗಳೂರಿನಿಂದ ನೇತ್ರಾವತಿ ದಾಟಿ ದಕ್ಷಿಣಕ್ಕೆ ಬಂದರೆ ಸಿಗುವ ಪ್ರೌಢಶಾಲೆ ನಮ್ಮದು. ಉಂಗುರ ಕಾಣುವ ಪಟ್ಟಿಯ ಒಳಗೇ ಇತ್ತು. ನಾನು ಅಲ್ಲಿ ವಿಜ್ಞಾನ ಟೀಚರ್. ಉಂಗುರವನ್ನು ಗ್ರಹಣದ ಕನ್ನಡಕ ಹಾಕಿಕೊಂಡು ಎಲ್ಲರೂ ನೋಡುತ್ತಾರೆ. ಸೂರ್ಯ ಮುಚ್ಚಿದಾಗ ಗಾಳಿ ಎಷ್ಟು ತಣ್ಣಗಾಗುತ್ತದೆ, ಯಾವಾಗ ಆಗುತ್ತದೆ ಅಂತ ಅಳೆದರೆ ಹೇಗೆ ಅನ್ನಿಸಿತು.

ಶಾಲೆಯ ಹಿಂದಿನ ಮಾವಿನ ಮರದ ನೆರಳಲ್ಲಿ ಮೂರು ಥರ್ಮಾಮೀಟರ್ ಕಟ್ಟಿದೆವು. ಒಂದು ಲ್ಯಾಬಿನ ಪಾದರಸದ್ದು, 0ಯಿಂದ 50 ಡಿಗ್ರಿವರೆಗೆ, ಅರ್ಧ ಡಿಗ್ರಿಗೊಂದು ಗೆರೆ. ಎರಡನೆಯದು ಸ್ಟೀಲ್ ಕೊಳವೆಯೊಳಗಿನ ಡಿಜಿಟಲ್ ಸೆನ್ಸರ್, ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದ್ದು. ಮೂರನೆಯದು ಸ್ಟಾಫ್ ರೂಮಿನ ಗೋಡೆಯಲ್ಲಿದ್ದ, ಮರದ ಹಲಗೆಗೆ ಅಂಟಿಸಿದ ಕೆಂಪು ಸ್ಪಿರಿಟ್‌ನ ಥರ್ಮಾಮೀಟರ್. ಬೆಳಿಗ್ಗೆ 8ರಿಂದ 11ರವರೆಗೆ ಮಕ್ಕಳು ಸರದಿಯ ಮೇಲೆ ನಿಮಿಷಕ್ಕೊಮ್ಮೆ ಬರೆದುಕೊಂಡರು. ಗ್ರಹಣದಲ್ಲಿ ಹೊರಗೆ ಹೋಗಬೇಡ ಅಂತ ಮನೆಯಲ್ಲಿ ಹೇಳಿಸಿಕೊಂಡು ಬಂದ ಮಕ್ಕಳೂ ಇದ್ದರು. ಅವರೂ ಒಂದು ಅಂಕಿ ತಪ್ಪಿಸಲಿಲ್ಲ. ಅದು ನನಗೆ ಇವತ್ತಿಗೂ ಹೆಮ್ಮೆ.

ನಮ್ಮಲ್ಲಿ ಉಂಗುರ ಕಂಡಿದ್ದು 9:25ರ ಆಸುಪಾಸಿನಲ್ಲಿ. ಬಿಸಿಲು ಹಳದಿಯಿಂದ ಒಂಥರಾ ಬೂದು ಬಣ್ಣಕ್ಕೆ ತಿರುಗಿತು, ಮೈಗೆ ತಂಪು ತಾಗಿತು. ಆದರೆ ಥರ್ಮಾಮೀಟರ್‌ಗಳು ಇನ್ನೂ ಇಳಿಯುತ್ತಲೇ ಇದ್ದವು. ಪಾದರಸ ಅತಿ ಕೆಳಗೆ ಹೋಗಿದ್ದು 9:34ಕ್ಕೆ, ಸ್ಟೀಲ್ ಸೆನ್ಸರ್ 9:36ಕ್ಕೆ, ಹಲಗೆಯದ್ದು 9:41ಕ್ಕೆ. ಮೊದಲೆರಡರಲ್ಲಿ ಒಟ್ಟು ಇಳಿತ 1.8 ಡಿಗ್ರಿಯಷ್ಟು, ಹಲಗೆಯದ್ದರಲ್ಲಿ 1.5.

ಸೂರ್ಯ ಮುಚ್ಚಿದ ಎಷ್ಟೋ ಹೊತ್ತಿನ ನಂತರ ಗಾಳಿ ತಣ್ಣಗಾಗುವುದು ಸಹಜ ಅಂತ ನಾನು ಮಕ್ಕಳಿಗೆ ವಿವರಿಸುತ್ತಿದ್ದೆ. ಉಂಗುರ ಬಿಟ್ಟ ಮೇಲೂ ಸೂರ್ಯನ ಹೆಚ್ಚಿನ ಭಾಗ ಮುಚ್ಚಿಯೇ ಇರುತ್ತದೆ, ನೆಲ ಬಿಸಿ ಕಳೆದುಕೊಳ್ಳುತ್ತಲೇ ಇರುತ್ತದೆ, ಗಾಳಿ ನೆಲವನ್ನು ಹಿಂಬಾಲಿಸುತ್ತದೆ. ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಮೂರೂ ಒಂದೇ ಮರದಡಿ ಇದ್ದದ್ದಲ್ವಾ? ಗಾಳಿ ಒಂದೇ. ಮತ್ತೆ ಸಮಯ ಯಾಕೆ ಬೇರೆ ಬೇರೆ?"

ಹೌದಲ್ಲ! ಗಾಳಿ ತಡ ಮಾಡಿದ್ದು ಎಷ್ಟು, ಥರ್ಮಾಮೀಟರ್ ತಡ ಮಾಡಿದ್ದು ಎಷ್ಟು? ಇದನ್ನು ಬೇರ್ಪಡಿಸದೆ ನಮ್ಮ ಮೂರು ಗಂಟೆಯ ಅಂಕಿಗಳಿಗೆ ಅರ್ಥವೇ ಇರಲಿಲ್ಲ. ಆ ಜನವರಿ ಪೂರ್ತಿ ನಾವು ಅಳೆದಿದ್ದು ಗಾಳಿಯನ್ನಲ್ಲ, ಥರ್ಮಾಮೀಟರ್‌ಗಳ ಚುರುಕನ್ನು.

ಇದರ ಹಿಂದಿನ ವಿಚಾರ ಹಳೆಯದು. 1701ರಲ್ಲಿ ನ್ಯೂಟನ್ ಹೆಸರು ಹಾಕದೆ ಪ್ರಕಟಿಸಿದ ಬರಹವೊಂದರಿಂದ ಬಂದದ್ದು. ಬಿಸಿ ವಸ್ತು ತಣ್ಣಗಾಗುವ ವೇಗ, ಅದಕ್ಕೂ ಸುತ್ತಲಿನದಕ್ಕೂ ಇರುವ ಬಿಸಿಯ ಅಂತರವನ್ನು ಅವಲಂಬಿಸಿರುತ್ತದೆ. ಲೋಟದ ಕಾಫಿ ಮೊದಲು ಬೇಗ ಆರುತ್ತದೆ, ಆಮೇಲೆ ನಿಧಾನ. ಥರ್ಮಾಮೀಟರ್‌ನ ಬಲ್ಬ್ ಕೂಡ ಹಾಗೆಯೇ. ಅಂತರ ಅರ್ಧವಾಗಲು 2 ನಿಮಿಷ ಬೇಕಾದರೆ, ಉಳಿದ ಅರ್ಧದ ಅರ್ಧವಾಗಲೂ ಮತ್ತೆ 2 ನಿಮಿಷವೇ ಬೇಕು. ಈ ಅರ್ಧವಾಗುವ ಸಮಯವನ್ನು 1.44ರಿಂದ ಗುಣಿಸಿದರೆ ಸಿಗುವುದು ಟೈಮ್ ಕಾನ್‌ಸ್ಟೆಂಟ್. ಅಷ್ಟು ಹೊತ್ತಿಗೆ ಥರ್ಮಾಮೀಟರ್ ಹೊಸ ಬಿಸಿಯ ಕಡೆಗೆ ಶೇ. 63ರಷ್ಟು ದಾರಿ ಸಾಗಿರುತ್ತದೆ. ಅದರ ಮೂರು ಪಟ್ಟು ಹೊತ್ತಿಗೆ ಶೇ. 95. ಮಕ್ಕಳಿಗೆ 63ರ ಲೆಕ್ಕ ಕಷ್ಟವಾಗುತ್ತದೆ, ಅರ್ಧದ ಲೆಕ್ಕ ಸಲೀಸು. ನಾವು ಅರ್ಧದ್ದನ್ನೇ ಹಿಡಿದುಕೊಂಡೆವು.

ಮೊದಲ ದಿನ ಪಾದರಸದ ಥರ್ಮಾಮೀಟರನ್ನು 44 ಡಿಗ್ರಿಯ ಬಿಸಿನೀರಲ್ಲಿ ಇಟ್ಟು, ತೆಗೆದು, ಕೋಣೆಯಲ್ಲಿ ನೇತುಹಾಕಿದೆವು. ಕೋಣೆ 28 ಡಿಗ್ರಿ ಇತ್ತು. ಪಾದರಸ ಸರಸರ ಇಳಿಯಿತು. 30 ದಾಟಿತು, 28 ದಾಟಿತು, 24ಕ್ಕೆ ಹೋಗಿ ನಿಂತಿತು! ಥರ್ಮಾಮೀಟರೇ ಕೆಟ್ಟಿದೆ ಅಂದುಕೊಂಡೆ. ಬಲ್ಬನ್ನು ಮುಟ್ಟಿದಾಗ ಗೊತ್ತಾಯಿತು, ಅದು ಒದ್ದೆ. ಅಂಟಿಕೊಂಡಿದ್ದ ನೀರು ಆರುವಾಗ ಬಿಸಿಯನ್ನು ಎಳೆದುಕೊಳ್ಳುತ್ತಿತ್ತು. ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಗಾಳಿಯ ತೇವಾಂಶ ಅಳೆಯಲು ಇದೇ ಗುಣವನ್ನು ಬಳಸುತ್ತಾರೆ. ನಮ್ಮ ಕೆಲಸಕ್ಕೆ ಮಾತ್ರ ಅದು ಶತ್ರು. ಬಟ್ಟೆಯಲ್ಲಿ ಒರೆಸಿ ನೋಡಿದೆವು. ಒರೆಸುವ ಕೈಯ ಬಿಸಿ, ತಿಕ್ಕಾಟ, ಅಷ್ಟರಲ್ಲಿ ಕಳೆದುಹೋಗುವ ಸೆಕೆಂಡುಗಳು, ಯಾವುದೂ ಸರಿಬರಲಿಲ್ಲ. ಕೊನೆಗೆ ತೆಳ್ಳನೆಯ ಪ್ಲಾಸ್ಟಿಕ್ ಕವರಿನೊಳಗೆ ಥರ್ಮಾಮೀಟರ್ ಇಳಿಸಿ, ಕವರ್ ಸಮೇತ ಬಿಸಿನೀರಲ್ಲಿಟ್ಟೆವು. ಐದು ನಿಮಿಷ ಬಿಟ್ಟು ಕವರಿನಿಂದ ಎಳೆದರೆ ಬಲ್ಬ್ ಒಣಗಿಯೇ ಇರುತ್ತದೆ. ಇದನ್ನು ಮಾಡುವವರು ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ.

ಎರಡನೇ ತೊಂದರೆ ನಾವೇ. ಆರು ಮಕ್ಕಳು ಸುತ್ತ ಮುಖ ತಂದು ಓದುತ್ತಿದ್ದರು. ಉಸಿರು, ಮೈಬಿಸಿ ಎಲ್ಲ ಸೇರಿ ಕೊನೆಯ ಒಂದು ಡಿಗ್ರಿ ಇಳಿಯುವುದೇ ಇಲ್ಲ. ಆಮೇಲೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಥರ್ಮಾಮೀಟರ್ ಮತ್ತು ಇನ್ನೊಂದು ಫೋನಿನ ಸ್ಟಾಪ್‌ವಾಚ್ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ವಿಡಿಯೋ ಮಾಡಿದೆವು. ಎಲ್ಲರೂ ಹೊರಗೆ, ಬಾಗಿಲು ಮುಚ್ಚಿ. ಬಳಿಕ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಓದಿದೆವು. ಫೋನಿನ ಕ್ಯಾಮೆರಾ ಪಾದರಸದ ಮಟ್ಟಕ್ಕೆ ನೇರವಾಗಿರಬೇಕು, ಇಲ್ಲದಿದ್ದರೆ ಗೆರೆ ಓರೆಯಾಗಿ ಕಾಣುತ್ತದೆ.

ಆಗ ಬಂದ ಅಂಕಿಗಳು ಕಣ್ಣಿಗೆ ಹಬ್ಬ. 44ರಿಂದ 36ಕ್ಕೆ ಬರಲು 2 ನಿಮಿಷ 20 ಸೆಕೆಂಡು. 36ರಿಂದ 32ಕ್ಕೆ 2 ನಿಮಿಷ 18. 32ರಿಂದ 30ಕ್ಕೆ 2 ನಿಮಿಷ 24. ಅಂತರ 16, 8, 4, 2. ಪ್ರತಿ ಸಲ ಅರ್ಧ, ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ಸಮಯ. ಮುನ್ನೂರು ವರ್ಷ ಹಳೆಯ ನಿಯಮ ನಮ್ಮ ಲ್ಯಾಬಿನ ಮೇಜಿನ ಮೇಲೆ ನಡೆದು ತೋರಿಸಿತು. ಗುಣಿಸಿದರೆ ಟೈಮ್ ಕಾನ್‌ಸ್ಟೆಂಟ್ ಸುಮಾರು 200 ಸೆಕೆಂಡು. ಇಬ್ಬರು ಹುಡುಗರು ಅಂತರವನ್ನು ಸೆಮಿಲಾಗ್ ಗ್ರಾಫ್ ಹಾಳೆಯಲ್ಲಿ (ಪ್ರತಿ ಸಲ ಅರ್ಧವಾಗುವ ಇಳಿತ ಒಂದೇ ಅಳತೆಯ ಮೆಟ್ಟಿಲಾಗಿ ಕಾಣುವ ಹಾಳೆ) ಹಾಕಿದರು, ಬಾಗಿದ ಗೆರೆ ನೆಟ್ಟಗಾಯಿತು.

ಅದೇ ಥರ್ಮಾಮೀಟರನ್ನು ಕೋಣೆಯಿಂದ ಬಿಸಿನೀರಿಗೆ ಅದ್ದಿ, ನೀರು ಕಲಕುತ್ತಾ ನೋಡಿದರೆ ಬರೀ 3 ಸೆಕೆಂಡು! ಗಾಜು ಅದೇ, ಪಾದರಸ ಅದೇ. ಹಾಗಾದರೆ ಥರ್ಮಾಮೀಟರ್‌ನ ಚುರುಕು ಅನ್ನುವುದು ಥರ್ಮಾಮೀಟರ್ ಒಂದರದ್ದೇ ಅಲ್ಲ. ಸುತ್ತ ಇರುವುದು ಅದಕ್ಕೆ ಬಿಸಿಯನ್ನು ಎಷ್ಟು ಬೇಗ ಕೊಡುತ್ತದೆ, ಎಷ್ಟು ಬೇಗ ಕಸಿಯುತ್ತದೆ ಅನ್ನುವುದೇ ಮುಖ್ಯ. ನಿಂತ ಗಾಳಿ ಬಲ್ಬಿನ ಸುತ್ತ ಕಂಬಳಿಯಂತೆ ಕೂತಿರುತ್ತದೆ. ಟೇಬಲ್ ಫ್ಯಾನ್ ಹಾಕಿದರೆ ಆ ಕಂಬಳಿ ಹಾರಿಹೋಗುತ್ತದೆ: 200 ಸೆಕೆಂಡು ಇದ್ದದ್ದು 55ಕ್ಕೆ ಬಂತು.

ಫ್ಯಾನ್ ಹಾಕಿದಾಗ ಇನ್ನೊಂದು ಮಾತು ತೀರ್ಮಾನವಾಯಿತು. ಫ್ಯಾನ್ ಗಾಳಿಗೆ ಥರ್ಮಾಮೀಟರ್ 28ಕ್ಕಿಂತ ಕೆಳಗೆ ಇಳಿಯುತ್ತದೆ ಅಂತ ಅರ್ಧ ಕ್ಲಾಸು ನಂಬಿತ್ತು. ಇಳಿಯಲಿಲ್ಲ. 28ಕ್ಕೇ ನಿಂತಿತು, ಬೇಗ ಬಂದು ನಿಂತಿತು ಅಷ್ಟೆ. ನಮಗೆ ಫ್ಯಾನ್ ತಂಪು ಅನ್ನಿಸುವುದು ನಾವು ಬೆವರುವುದರಿಂದ, ಮೈ ಗಾಳಿಗಿಂತ ಬಿಸಿ ಇರುವುದರಿಂದ. ಒಣ ಪಾದರಸಕ್ಕೆ ಅದು ಯಾವುದೂ ಇಲ್ಲ. ಎಷ್ಟೋ ವರ್ಷ ಪಾಠ ಮಾಡಿಯೂ ಇದನ್ನು ಒಪ್ಪಿಸಲು ನನಗೆ ಆಗಿರಲಿಲ್ಲ.

ಸ್ಟೀಲ್ ಕೊಳವೆಯ ಸೆನ್ಸರ್ ಮೇಲೆ ನನಗೆ ಜಾಸ್ತಿ ಭರವಸೆ ಇತ್ತು. ಡಿಜಿಟಲ್ ಅಲ್ವಾ, ಬೇಗ ಇರಬಹುದು ಅಂತ. ಸೆಕೆಂಡಿಗೊಂದು ಅಂಕಿ, ದಶಮಾಂಶದ ನಂತರ ಎರಡು ಸ್ಥಾನ. ಆದರೆ ನಿಂತ ಗಾಳಿಯಲ್ಲಿ ಅದರ ಟೈಮ್ ಕಾನ್‌ಸ್ಟೆಂಟ್ 330 ಸೆಕೆಂಡು, ಪಾದರಸಕ್ಕಿಂತ ನಿಧಾನ. ಒಳಗಿನ ಚಿಪ್ ಪುಟ್ಟದು, ಅದನ್ನು ಸುತ್ತಿದ ಸ್ಟೀಲ್ ಮತ್ತು ಅಂಟು ಭಾರದ್ದು. ಆ ಭಾರವೆಲ್ಲ ತಣ್ಣಗಾಗುವವರೆಗೆ ಚಿಪ್ ಕಾಯಬೇಕು. ಅಂಕಿ ಬೇಗ ಬೇಗ ಬದಲಾಗುವುದು ಬೇರೆ, ಸರಿಯಾದ ಅಂಕಿ ಬೇಗ ಬರುವುದು ಬೇರೆ. ಇದರ ಗ್ರಾಫ್‌ನಲ್ಲಿ ಮೊದಲ ಅರ್ಧ ನಿಮಿಷ ಗೆರೆ ನೆಟ್ಟಗಿರಲಿಲ್ಲ. ಕೊಳವೆ ಮೊದಲು ಆರಿ, ಆ ಸುದ್ದಿ ಒಳಗೆ ತಲುಪುವವರೆಗೆ ಚಿಪ್ ಸುಮ್ನೆ ಇರುತ್ತದೆ. ಆ ಭಾಗ ಬಿಟ್ಟು ಉಳಿದದ್ದರಿಂದ ಲೆಕ್ಕ ಮಾಡಿದೆ. ಹಲಗೆಯ ಥರ್ಮಾಮೀಟರನ್ನು ನೀರಿಗೆ ಹಾಕುವಂತಿರಲಿಲ್ಲ. ಅದನ್ನು ಬಿಸಿಲಿಗಿಟ್ಟು ಒಳಗೆ ತಂದು ನೋಡಿದೆವು, ಸುಮಾರು 11 ನಿಮಿಷ. ಬಲ್ಬ್ ಹಲಗೆಗೆ ತಾಗಿಕೊಂಡಿದೆ, ಹಲಗೆ ಬಿಸಿಯನ್ನು ಬಿಟ್ಟುಕೊಡುವುದಿಲ್ಲ.

ವಿದ್ಯುತ್ ಅಳೆಯುವ ಮಲ್ಟಿಮೀಟರ್ ಜೊತೆ ಬಂದಿದ್ದ ಕೆ-ಟೈಪ್ ಥರ್ಮೋಕಪಲ್ ತಂತಿಯನ್ನೂ (ಎರಡು ಬೇರೆ ಲೋಹದ ತಂತಿಗಳ ತುದಿ ಸೇರಿಸಿ ಬಿಸಿ ಅಳೆಯುವ ಸಾಧನ) ನೋಡಿದೆವು. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಲೋಹದ ಮಣಿ. ನಿಂತ ಗಾಳಿಯಲ್ಲಿ 12 ಸೆಕೆಂಡು. ನೀರಲ್ಲಿ ಎಷ್ಟು ಅಂತ ಅಳೆಯಲು ಆಗಲಿಲ್ಲ, ಮೀಟರ್ ಅಂಕಿ ಬದಲಿಸುವುದರೊಳಗೆ ಮುಗಿದಿರುತ್ತಿತ್ತು. ಮಣಿಯ ಅಗಲ ಅರ್ಧವಾದರೆ ಅದರೊಳಗಿನ ಲೋಹ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಗಾಳಿಗೆ ತಾಗುವ ಹೊರಮೈ ಮಾತ್ರ ನಾಲ್ಕನೇ ಒಂದು ಭಾಗಕ್ಕೆ. ಸಣ್ಣದಾದಷ್ಟೂ ಚುರುಕು. ಗಾಳಿಯ ಬಿಸಿ ಅಳೆಯುವ ಸಾಧನಕ್ಕೆ ವಿಶ್ವ ಹವಾಮಾನ ಸಂಸ್ಥೆ ಹೇಳುವ ಟೈಮ್ ಕಾನ್‌ಸ್ಟೆಂಟ್ 20 ಸೆಕೆಂಡು. ತೀರಾ ಚುರುಕಾದರೂ ಒಳ್ಳೆಯದಲ್ಲ, ಗಾಳಿಯ ಪ್ರತಿ ಸಣ್ಣ ಸುಳಿಗೂ ಅಂಕಿ ಕುಣಿಯುತ್ತದೆ.

ಯಾರದೋ ಮನೆಯಿಂದ ಜ್ವರ ನೋಡುವ ಥರ್ಮಾಮೀಟರ್ ಕೂಡ ಬಂದಿತ್ತು. ಅದರಲ್ಲಿ ಈ ಪ್ರಯೋಗ ಆಗುವುದಿಲ್ಲ. ಬಲ್ಬಿನ ಮೇಲೆ ಕಿರಿದಾದ ಕುತ್ತಿಗೆ ಇರುತ್ತದೆ, ಏರಿದ ಪಾದರಸ ಕೊಡವುವವರೆಗೆ ಇಳಿಯುವುದಿಲ್ಲ. ಇನ್ನೊಂದು ಮಾತು: ಪಾದರಸದ ಥರ್ಮಾಮೀಟರ್ ಮುಟ್ಟುವುದು ದೊಡ್ಡವರೇ ಇರಲಿ, ಕೆಳಗೆ ಟ್ರೇ ಇರಲಿ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ, ಪೊರಕೆ ಹಾಕಬೇಡಿ.

ಗ್ರಹಣದ ಲೆಕ್ಕಕ್ಕೆ ಮುಚ್ಚಿದ ಕೋಣೆಯ ಅಂಕಿ ಬಳಸಲು ಮನಸ್ಸು ಒಪ್ಪಲಿಲ್ಲ. ಮರದಡಿ ಆ ಬೆಳಿಗ್ಗೆ ಸಣ್ಣ ಗಾಳಿ ಇತ್ತು. ಹಾಗಾಗಿ ಅದೇ ಕೊಂಬೆ, ಅದೇ ಎತ್ತರ, ಅದೇ ಒಂಬತ್ತು ಗಂಟೆ ಹೊತ್ತಿಗೆ ನಾಲ್ಕು ದಿನ ಮತ್ತೆ ಅಳೆದೆವು. ಫಲಿತಾಂಶ ಗಾಳಿಗೆ ತಕ್ಕಂತೆ ಹಿಂದೆಮುಂದೆ ಆಯಿತು. ಟೈಮ್ ಕಾನ್‌ಸ್ಟೆಂಟ್ ಸರಾಸರಿ ಪಾದರಸಕ್ಕೆ 2 ನಿಮಿಷ 20 ಸೆಕೆಂಡು, ಸ್ಟೀಲ್ ಸೆನ್ಸರ್‌ಗೆ 4 ನಿಮಿಷ, ಹಲಗೆಗೆ 9.

ಇನ್ನು ತಿದ್ದುಪಡಿ. ಸೂತ್ರ ಒಂದೇ ಸಾಲಿನದು. ಥರ್ಮಾಮೀಟರ್ ನಿಮಿಷಕ್ಕೆ ಎಷ್ಟು ಇಳಿಯುತ್ತಿದೆಯೋ ಅದನ್ನು ಟೈಮ್ ಕಾನ್‌ಸ್ಟೆಂಟ್‌ನಿಂದ ಗುಣಿಸಿ, ತೋರಿಸಿದ ಅಂಕಿಯಿಂದ ಕಳೆದರೆ ಗಾಳಿಯ ನಿಜವಾದ ಬಿಸಿ. ಹಲಗೆಯದ್ದು ನಿಮಿಷಕ್ಕೆ 0.05 ಡಿಗ್ರಿ ಇಳಿಯುತ್ತಿದ್ದಾಗ ಗಾಳಿ ಅದಕ್ಕಿಂತ 0.45 ಡಿಗ್ರಿ ತಣ್ಣಗಿತ್ತು! ಏರುವಾಗ ಕಳೆಯುವ ಬದಲು ಕೂಡಿಸಬೇಕು.

ಈ ಸೂತ್ರದಲ್ಲಿ ಒಂದು ಸೊಗಸಿದೆ. ಥರ್ಮಾಮೀಟರ್ ಅತಿ ಕೆಳಗಿನ ಅಂಕಿಯಲ್ಲಿ ನಿಂತಾಗ ಅದು ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ತಿದ್ದುಪಡಿ ಸೊನ್ನೆ. ಅಂದರೆ ಆ ಕ್ಷಣ ಅದು ತೋರಿಸುವುದು ಗಾಳಿಯ ಸರಿಯಾದ ಬಿಸಿಯನ್ನೇ. ಆದರೆ ಗಾಳಿ ಅಷ್ಟರಲ್ಲಿ ತನ್ನ ಅತಿ ಕೆಳಗಿನ ಮಟ್ಟ ಮುಟ್ಟಿ, ಮೇಲೆ ಹೊರಟು, ದಾರಿಯಲ್ಲಿ ಥರ್ಮಾಮೀಟರನ್ನು ಎದುರುಗೊಂಡಿರುತ್ತದೆ. ಇಳಿಯುವ ಬಸ್ಸು, ಏರುವ ಬಸ್ಸು ಘಾಟಿಯ ತಿರುವಲ್ಲಿ ಎದುರಾದ ಹಾಗೆ. ಇದನ್ನು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ತೋರಿಸಿದಾಗ, ಪ್ರಶ್ನೆ ಕೇಳಿದ್ದ ಹುಡುಗಿ ಎದ್ದು ಬಂದು ಎರಡೂ ಗೆರೆ ಸೇರುವ ಜಾಗಕ್ಕೆ ತಾನೇ ಚುಕ್ಕೆ ಇಟ್ಟಳು.

ಮೂರು ಥರ್ಮಾಮೀಟರ್‌ಗಳ ಅಂಕಿಗಳನ್ನೂ ತಿದ್ದಿ ಹೊಸದಾಗಿ ಗ್ರಾಫ್ ಹಾಕಿದೆವು. ಪಾದರಸದ ಪ್ರಕಾರ ಗಾಳಿ ಅತಿ ತಣ್ಣಗಿದ್ದದ್ದು 9:32ಕ್ಕೆ, ಸ್ಟೀಲ್ ಸೆನ್ಸರ್ ಪ್ರಕಾರವೂ 9:32, ಹಲಗೆಯದ್ದರ ಪ್ರಕಾರ 9:33. ಹಲಗೆಯದ್ದರ 1.5 ಡಿಗ್ರಿ ಇಳಿತ 1.7ಕ್ಕೆ ಬಂತು. ನಿಧಾನದ ಥರ್ಮಾಮೀಟರ್ ತಡ ಮಾಡುವುದಷ್ಟೇ ಅಲ್ಲ, ಗುಂಡಿಯ ಆಳವನ್ನೂ ಸ್ವಲ್ಪ ತುಂಬಿಬಿಡುತ್ತದೆ. ಒಂದು ನಿಮಿಷದ ವ್ಯತ್ಯಾಸಕ್ಕೆ ನಾನು ಬೆಲೆ ಕೊಡುವುದಿಲ್ಲ. ತಳದಲ್ಲಿ ಎರಡು ಮೂರು ನಿಮಿಷ ಒಂದೇ ಅಂಕಿ ಇರುತ್ತದೆ, ಅದರ ನಡುವನ್ನು ನಾವು ಆರಿಸಿದ್ದು. ಗಾಳಿ ತಡ ಮಾಡಿದ್ದು ಸುಮಾರು 7 ನಿಮಿಷ. ಉಳಿದದ್ದು ಥರ್ಮಾಮೀಟರ್‌ಗಳ ಲೆಕ್ಕಕ್ಕೆ.

ಈಗ ನಮ್ಮ ಲ್ಯಾಬಿನಲ್ಲಿ ಪ್ರತಿ ಥರ್ಮಾಮೀಟರ್‌ಗೂ ಒಂದು ಚೀಟಿ ಅಂಟಿಸಿದ್ದೇವೆ. ನಿಂತ ಗಾಳಿಯಲ್ಲಿ ಇಷ್ಟು, ಫ್ಯಾನಿನಲ್ಲಿ ಇಷ್ಟು, ನೀರಲ್ಲಿ ಇಷ್ಟು ಸೆಕೆಂಡು ಅಂತ. ನಮ್ಮ ದೇಶದಲ್ಲಿ ಕಾಣುವ ಮುಂದಿನ ಕಂಕಣ ಗ್ರಹಣ 2031ರ ಮೇ 21ಕ್ಕೆ ಕೇರಳ, ತಮಿಳುನಾಡಿನ ಮೇಲೆ ಹಾದುಹೋಗುತ್ತದೆ. ನಮಗೆ ಪಾರ್ಶ್ವ ಗ್ರಹಣ ಮಾತ್ರ. ಆ ಹೊತ್ತಿಗೆ ಥರ್ಮೋಕಪಲ್ ತಂತಿಗಳನ್ನು ಹಲಗೆಯಿಂದ, ಕೊಂಬೆಯಿಂದ ದೂರ ಕಟ್ಟಬೇಕು. ನೆಲಮಟ್ಟದಲ್ಲಿ ಒಂದು, ಆಳೆತ್ತರದಲ್ಲಿ ಒಂದು. ನೆಲದ ಬಿಸಿ ಗಾಳಿಗೆ ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಆಗ ಗೊತ್ತಾಗಬಹುದು. ಮೇ ತಿಂಗಳು ಶಾಲೆಗೆ ರಜೆ. ಯಾರ್ಯಾರು ಬರುತ್ತೀರಿ ಅಂತ ಈಗಲೇ ಕೇಳಿದ್ದೇನೆ. ಆಗ ಕಾಲೇಜು ಮುಗಿಸಿರುವ ಆ ಒಂಬತ್ತನೇ ಕ್ಲಾಸಿನವರೂ ಬರುತ್ತೇವೆ ಅಂದಿದ್ದಾರೆ.